ಕೆಟ್ಟ ಸುದ್ದಿ ಕೇಳಿದ ಮೇಲೆ: ವಿದ್ಯಾರ್ಥಿಗಳ ಮನಸ್ಸಿನ ಆರೈಕೆ

2025ರ ಜೂನ್ ತಿಂಗಳ ಮೊದಲ ಎರಡು ವಾರಗಳನ್ನು ನಮ್ಮ ನಾಡಿನ ವಿದ್ಯಾರ್ಥಿಗಳು ಬೇಗನೆ ಮರೆಯಲಾರರು. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ವಿಜಯೋತ್ಸವಕ್ಕೆಂದು ಸೇರಿದ್ದ ಜನಸಾಗರದಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಯುವಜನರು. ಎಂಟು ದಿನ ಕಳೆಯುವುದರೊಳಗೆ, ಜೂನ್ 12ರ ಮಧ್ಯಾಹ್ನ, ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನವು ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ವಸತಿ ನಿಲಯದ ಕಟ್ಟಡಗಳ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕುಳಿದವರು ಒಬ್ಬರು ಮಾತ್ರ. ನೆಲದ ಮೇಲಿದ್ದವರೂ ಸೇರಿ ಒಟ್ಟು 260 ಜೀವಗಳು ಹೋದವು. ಊಟದ ಹೊತ್ತಿಗೆ ಭೋಜನಶಾಲೆಯಲ್ಲಿದ್ದ ವೈದ್ಯ ವಿದ್ಯಾರ್ಥಿಗಳಲ್ಲಿಯೂ ಕೆಲವರು ಅಸುನೀಗಿದರು. ಬಡಿಸಿದ ಅನ್ನ ಹಾಗೆಯೇ ಉಳಿದಿದ್ದ ತಟ್ಟೆಗಳ ಚಿತ್ರಗಳು ಆ ಸಂಜೆಯೇ ದೇಶದ ಮೂಲೆ ಮೂಲೆಯ ದೂರವಾಣಿಗಳನ್ನು ತಲುಪಿದವು.

ಇಂಥ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಹಳ್ಳಿಯಿಂದ ಬಂದು ಪಟ್ಟಣದ ವಸತಿ ನಿಲಯದಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿ. ವೈದ್ಯಳಾಗಬೇಕೆಂಬುದು ಅವಳ ಹಂಬಲ, ಮನೆಯವರ ಆಸೆ. ಅಹಮದಾಬಾದಿನಲ್ಲಿ ಅವಳ ಬಂಧುಗಳು ಯಾರೂ ಇಲ್ಲ. ಆದರೂ ನಾಲ್ಕು ದಿನಗಳಿಂದ ಅವಳಿಗೆ ನಿದ್ರೆ ಇಲ್ಲ. ಊಟದ ತಟ್ಟೆಯ ಮುಂದೆ ಕುಳಿತರೆ ಆ ಚಿತ್ರ ಕಣ್ಣಮುಂದೆ ಬಂದು ತುತ್ತು ಗಂಟಲಿನಲ್ಲಿ ಇಳಿಯುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಕಾಣುತ್ತವೆ, ಅರ್ಥ ಮನಸ್ಸಿಗೆ ಹತ್ತುವುದಿಲ್ಲ. ಗೆಳತಿಯರು ನಗುತ್ತಿದ್ದರೆ ಅವಳಿಗೆ ಸಿಟ್ಟು ಬರುತ್ತದೆ. ತಾನೇ ಒಮ್ಮೆ ನಕ್ಕರೆ, ನಕ್ಕೆನಲ್ಲ ಎಂದು ನಾಚಿಕೆಯಾಗುತ್ತದೆ. ಯಾರಲ್ಲಿಯಾದರೂ ಹೇಳಿಕೊಳ್ಳೋಣವೆಂದರೆ, 'ನಿನ್ನವರು ಯಾರೂ ಇಲ್ಲದ ಊರಿನ ಸುದ್ದಿಗೆ ನಿನಗೇಕೆ ಇಷ್ಟು ಸಂಕಟ?' ಎಂದಾರು ಎಂಬ ಅಳುಕು.

ಇಂಥ ಮಕ್ಕಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಪ್ರಸಾದ ನಿಲಯಗಳಲ್ಲಿ ಇದ್ದಾರೆ. ಅವರು ಬಾಯಿಬಿಟ್ಟು ಹೇಳದಿರುವುದರಿಂದ ನಮ್ಮ ಗಮನಕ್ಕೆ ಬಾರದೆ ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ, ಅದನ್ನು ಹೇಗೆ ನಿಭಾಯಿಸಬೇಕು, ಹಿರಿಯರಾದ ನಾವು ಮಾಡಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಸಂಕಟವು ದೌರ್ಬಲ್ಯವಲ್ಲ

ಮೊದಲನೆಯದಾಗಿ ತಿಳಿಯಬೇಕಾದ ಸಂಗತಿಯೆಂದರೆ, ದೂರದ ದುರಂತಕ್ಕೆ ಮನಸ್ಸು ಕಲಕುವುದು ರೋಗವೂ ಅಲ್ಲ, ದೌರ್ಬಲ್ಯವೂ ಅಲ್ಲ. ನಮ್ಮ ಮಿದುಳಿನಲ್ಲಿ ಅಮಿಗ್ಡಲಾ ಎಂಬ, ಬಾದಾಮಿ ಬೀಜದ ಆಕಾರದ ಸಣ್ಣ ಭಾಗವೊಂದಿದೆ. ಅಪಾಯವನ್ನು ಗುರುತಿಸಿ ಶರೀರವನ್ನು ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಹಾವನ್ನು ಕಂಡೊಡನೆ ನಾವು ಯೋಚಿಸುವ ಮೊದಲೇ ಹಿಂದಕ್ಕೆ ಜಿಗಿಯುವುದು ಈ ವ್ಯವಸ್ಥೆಯಿಂದ. ಅಪಾಯವು ಎದುರಿನಲ್ಲಿಯೇ ಇದೆಯೋ, ಸಾವಿರಾರು ಕಿಲೋಮೀಟರ್ ದೂರದಲ್ಲಿದೆಯೋ ಎಂಬ ವಿವೇಚನೆ ಬರುವುದು ಅನಂತರ. ಕಣ್ಣಿಗೆ ಬಿದ್ದ ಭೀಕರ ದೃಶ್ಯವೇ ಎಚ್ಚರಿಕೆಯ ಗಂಟೆ ಬಾರಿಸಲು ಸಾಕು.

ಗಂಟೆ ಬಾರಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಉಸಿರು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಸಿವಾಗದಿರುವುದು, ಹೊಟ್ಟೆ ತೊಳಸಿದಂತಾಗುವುದು, ಕತ್ತು ಹೆಗಲು ನೋಯುವುದು, ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು, ಇವೆಲ್ಲವೂ ಆ ಎಚ್ಚರಿಕೆಯ ಸ್ಥಿತಿಯ ಪರಿಣಾಮಗಳು. ಕೆಲವರು ಅಳುತ್ತಾರೆ, ಕೆಲವರು ಸಿಡುಕುತ್ತಾರೆ. ಇನ್ನು ಕೆಲವರಿಗೆ ಏನೂ ಅನ್ನಿಸುವುದೇ ಇಲ್ಲ, ಮನಸ್ಸು ಮರಗಟ್ಟಿದಂತಿರುತ್ತದೆ. ಅಳದವನು ಕಲ್ಲೆದೆಯವನೆಂದೂ, ಅಳುವವಳು ಅಂಜುಬುರುಕಿಯೆಂದೂ ತೀರ್ಮಾನಿಸುವುದು ತಪ್ಪು. ಒಂದೇ ಪೆಟ್ಟಿಗೆ ಬೇರೆ ಬೇರೆ ಮನಸ್ಸುಗಳು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತವೆ. ಹೆಚ್ಚಿನವರಲ್ಲಿ ಈ ಲಕ್ಷಣಗಳು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಾವಾಗಿಯೇ ಇಳಿಯುತ್ತವೆ.

ವಿದ್ಯಾರ್ಥಿಗಳನ್ನೇ ಏಕೆ ಹೆಚ್ಚು ತಟ್ಟುತ್ತದೆ?

ಇದಕ್ಕೆ ಹಲವು ಕಾರಣಗಳುಂಟು. ದುರಂತಕ್ಕೆ ಈಡಾದವರು ತಮ್ಮಂತೆಯೇ ಇದ್ದರೆ ನೋವು ಹೆಚ್ಚು ಆಳಕ್ಕೆ ಇಳಿಯುತ್ತದೆ. ಕ್ರೀಡಾಂಗಣದ ಹೊರಗೆ ಜೀವ ತೆತ್ತವರು ತಮ್ಮ ಓರಗೆಯವರು, ಭೋಜನಶಾಲೆಯಲ್ಲಿದ್ದವರು ತಮ್ಮಂತೆಯೇ ಮನೆ ಬಿಟ್ಟು ಓದಲು ಬಂದವರು. 'ಆ ಜಾಗದಲ್ಲಿ ನಾನೇ ಇರಬಹುದಿತ್ತು' ಎಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ.

ಎರಡನೆಯ ಕಾರಣ ವಯಸ್ಸು. ಭಾವನೆಗಳನ್ನು ಹದದಲ್ಲಿಡುವ, ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗವು ಪೂರ್ಣವಾಗಿ ಪಕ್ವವಾಗುವುದು ಸುಮಾರು 25ರ ವಯಸ್ಸಿನ ಹೊತ್ತಿಗೆ. ಹರೆಯದಲ್ಲಿ ಭಾವನೆಯ ವೇಗ ಹೆಚ್ಚು, ಅದನ್ನು ತಡೆಯುವ ಕಡಿವಾಣ ಇನ್ನೂ ಎಳೆಯದು. ಮೂರನೆಯದು, ಮನೆಯಿಂದ ದೂರವಿರುವುದು. ಊರಿನಲ್ಲಿದ್ದರೆ ತಾಯಿಯ ಪಕ್ಕದಲ್ಲಿ ಕುಳಿತರೂ ಸಾಕು, ಅರ್ಧ ದುಗುಡ ಇಳಿಯುತ್ತದೆ. ವಸತಿ ನಿಲಯದ ಕೋಣೆಯಲ್ಲಿ ರಾತ್ರಿ ಹನ್ನೊಂದರ ಬಳಿಕ ಜೊತೆಗಿರುವುದು ಕೈಯಲ್ಲಿನ ದೂರವಾಣಿ ಮಾತ್ರ. ನಾಲ್ಕನೆಯದು, ಪರೀಕ್ಷೆಯ ಒತ್ತಡ. ಮೊದಲೇ ಭಾರ ಹೊತ್ತ ಹೆಗಲಿಗೆ ಇನ್ನೊಂದು ಮೂಟೆ ಬಿದ್ದಂತಾಗುತ್ತದೆ.

ಇವಲ್ಲದೆ ಹಳೆಯ ಗಾಯವೊಂದು ಇದ್ದರೆ ಅದೂ ಮರಳಿ ತೆರೆದುಕೊಳ್ಳಬಹುದು. ಹಿಂದೆ ಅಪಘಾತದಲ್ಲಿ ಅಣ್ಣನನ್ನೋ, ಕೋವಿಡ್ ಕಾಲದಲ್ಲಿ ತಂದೆಯನ್ನೋ ಕಳೆದುಕೊಂಡ ಮಗು ಇಂದಿನ ಸುದ್ದಿಗೆ ಅತ್ತರೆ, ಆ ಕಣ್ಣೀರಿನಲ್ಲಿ ಅಂದಿನ ದುಃಖವೂ ಸೇರಿರುತ್ತದೆ. ಸುತ್ತಲಿನವರಿಗೆ ಅದು ಅತಿಯಾಗಿ ತೋರಿದರೂ ಆ ಮಗುವಿಗೆ ಅತಿಯಲ್ಲ.

ತಿಳಿಯುವುದು ಬೇರೆ, ನೋಡುತ್ತಲೇ ಇರುವುದು ಬೇರೆ

ನಮ್ಮ ಹಿರಿಯರ ಕಾಲದಲ್ಲಿ ದುಃಖದ ಸುದ್ದಿಯೊಂದು ಬೆಳಗಿನ ಪತ್ರಿಕೆಯಲ್ಲಿಯೋ ಸಂಜೆಯ ಆಕಾಶವಾಣಿ ವಾರ್ತೆಯಲ್ಲಿಯೋ ಬರುತ್ತಿತ್ತು. ಕೇಳಿ ಮರುಗಿ, ನಾಲ್ಕು ಜನರೊಡನೆ ಮಾತನಾಡಿ ಅವರವರ ಕೆಲಸಕ್ಕೆ ಹೋಗುತ್ತಿದ್ದರು. ಇಂದು ಅದೇ ದೃಶ್ಯ ಬೇರೆ ಬೇರೆ ದಿಕ್ಕಿನಿಂದ ಚಿತ್ರಿತವಾಗಿ, ಹಿನ್ನೆಲೆ ಸಂಗೀತದೊಡನೆ, ನಿಧಾನಗತಿಯಲ್ಲಿ, ದಿನಕ್ಕೆ ಐವತ್ತು ಸಲ ಎದುರಾಗುತ್ತದೆ. ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಮೊದಲಾಗುತ್ತದೆ. ನಾವು ಯಾವುದರ ಮೇಲೆ ಹೆಚ್ಚು ಹೊತ್ತು ಕಣ್ಣಿಟ್ಟೆವೋ ಅಂಥದನ್ನೇ ಮತ್ತಷ್ಟು ತಂದು ಒಡ್ಡುವಂತೆ ಆ ವ್ಯವಸ್ಥೆಗಳನ್ನು ರೂಪಿಸಲಾಗಿದೆ.

ಇದರ ಪರಿಣಾಮವನ್ನು ಕುರಿತು ಗಮನಾರ್ಹವಾದ ಸಂಶೋಧನೆ ನಡೆದಿದೆ. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟದಲ್ಲಿ ಬಾಂಬುಗಳು ಸಿಡಿದವು. ಅನಂತರದ ವಾರಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು 4,675 ವಯಸ್ಕರನ್ನು ಪ್ರಶ್ನಿಸಿ ಅಧ್ಯಯನ ನಡೆಸಿದರು. ಘಟನೆಯ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯನ್ನು ನೋಡಿದವರಲ್ಲಿ ಕಂಡುಬಂದ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಸ್ಥಳದಲ್ಲಿಯೇ ಅಥವಾ ಅದರ ಸಮೀಪದಲ್ಲಿ ಇದ್ದವರಿಗಿಂತಲೂ ಹೆಚ್ಚಾಗಿದ್ದವು. ಅವರ ಹಿಂದಿನ ಮಾನಸಿಕ ಆರೋಗ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಇದೇ ತಂಡ ಮೂರು ವರ್ಷಗಳ ಕಾಲ ಜನರನ್ನು ಗಮನಿಸಿ 2019ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು. ಹೆಚ್ಚು ನೋಡಿದವರಲ್ಲಿ ಸಂಕಟ ಹೆಚ್ಚಾಯಿತು, ಸಂಕಟದಿಂದ ನಾಳೆಯ ಭಯ ಬೆಳೆಯಿತು, ಆ ಭಯವಿದ್ದವರು ಮುಂದಿನ ದುರಂತ ನಡೆದಾಗ ಇನ್ನೂ ಹೆಚ್ಚು ನೋಡಿದರು. ಗಾಣದ ಎತ್ತಿನಂತೆ ಮನಸ್ಸು ಅದೇ ಸುತ್ತನ್ನು ಸುತ್ತುತ್ತದೆ.

ಹಾಗಾದರೆ ನೋಡುವುದನ್ನು ನಿಲ್ಲಿಸಬಾರದೇಕೆ? ಇಲ್ಲಿಯೇ ಸೂಕ್ಷ್ಮವಾದ ತೊಡಕೊಂದಿದೆ. 'ಅವರು ಅಷ್ಟು ನೋವು ಉಂಡಿದ್ದಾರೆ, ನಾನು ನೋಡುವುದನ್ನೂ ಬಿಟ್ಟು ನನ್ನ ಪಾಡಿಗೆ ಇದ್ದರೆ ನಿರ್ದಯಿಯಾದಂತಲ್ಲವೇ?' ಎಂದು ಒಳ್ಳೆಯ ಮನಸ್ಸಿನ ಮಕ್ಕಳಿಗೆ ತೋರುತ್ತದೆ. ನಮ್ಮ ಕಲ್ಪನೆಯ ವಿದ್ಯಾರ್ಥಿನಿ ರಾತ್ರಿ ಒಂದು ಗಂಟೆಯವರೆಗೆ ಆ ದೃಶ್ಯಗಳನ್ನು ನೋಡುವುದು ಕುತೂಹಲದಿಂದಲ್ಲ, ಮೃತರಿಗೆ ಅದು ತನ್ನ ಋಣವೆಂಬ ಭಾವನೆಯಿಂದ. ಆದರೆ ಅವಳು ನೋಡುವ ಒಂದೊಂದು ಗಂಟೆಯಿಂದ ಯಾವ ಗಾಯಾಳುವಿನ ನೋವೂ ಕಡಿಮೆಯಾಗುವುದಿಲ್ಲ, ಯಾವ ತಾಯಿಯ ಕಣ್ಣೀರೂ ನಿಲ್ಲುವುದಿಲ್ಲ. ದಯೆಯನ್ನು ಗಡಿಯಾರದಿಂದ ಅಳೆಯಲಾಗದು. ನಡೆದುದನ್ನು ತಿಳಿಯುವುದು ನಾಗರಿಕನ ಕರ್ತವ್ಯ. ಅದನ್ನು ಮತ್ತೆ ಮತ್ತೆ ಕಣ್ಣಲ್ಲಿ ತುಂಬಿಕೊಳ್ಳುವುದು ಕರ್ತವ್ಯವಲ್ಲ, ತನಗೆ ತಾನೇ ಮಾಡಿಕೊಳ್ಳುವ ಗಾಯ. ಈ ಎರಡರ ನಡುವಿನ ಗೆರೆಯನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಅರ್ಧ ಚಿಕಿತ್ಸೆ ಆದಂತೆಯೇ.

ಮೊದಲ ಕೆಲವು ದಿನಗಳಲ್ಲಿ ಮಾಡಬೇಕಾದದ್ದು

ಸುದ್ದಿಗೆ ಹೊತ್ತು ಗೊತ್ತುಮಾಡಿಕೊಳ್ಳಬೇಕು. ದಿನಕ್ಕೆ ಎರಡು ಸಲ, ಹದಿನೈದು ನಿಮಿಷಗಳಂತೆ, ನಂಬಿಕೆಗೆ ಅರ್ಹವಾದ ಒಂದು ಪತ್ರಿಕೆಯನ್ನೋ ವಾರ್ತೆಯನ್ನೋ ಓದಿದರೆ ತಿಳಿಯಬೇಕಾದುದೆಲ್ಲ ತಿಳಿಯುತ್ತದೆ. ದೃಶ್ಯಕ್ಕಿಂತ ಬರಹ ಲೇಸು. ಮಲಗುವುದಕ್ಕೆ ಒಂದು ಗಂಟೆ ಮೊದಲು ಮತ್ತು ಬೆಳಿಗ್ಗೆ ಎದ್ದೊಡನೆ ಸುದ್ದಿ ನೋಡಬಾರದು. ದೃಶ್ಯಗಳು ತಾವಾಗಿಯೇ ಓಡುವುದನ್ನು ನಿಲ್ಲಿಸುವ ಅನುಕೂಲ ಹೆಚ್ಚಿನ ದೂರವಾಣಿಗಳಲ್ಲಿದೆ, ಅದನ್ನು ಬಳಸಬೇಕು. ಭೀಕರ ಚಿತ್ರಗಳು ಬರುವ ವಾಟ್ಸ್‌ಆ್ಯಪ್ ಗುಂಪುಗಳ ಸದ್ದನ್ನು ಕೆಲವು ದಿನ ಅಡಗಿಸಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ತಮಗೆ ಬಂದ ಅಂಥ ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸದಿರುವುದೂ ಒಂದು ಸೇವೆಯೇ. ಆ ಚಿತ್ರದಲ್ಲಿರುವವರು ಯಾರದೋ ಮನೆಯ ಮಕ್ಕಳೆಂಬುದು ನೆನಪಿರಲಿ.

ಊಟ, ನಿದ್ರೆ, ನಡಿಗೆ ಈ ಮೂರನ್ನು ಕಾಪಾಡಿಕೊಳ್ಳಬೇಕು. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪವಾದರೂ ತಿನ್ನಬೇಕು. ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು, ಅಂಬಲಿಯಂಥ ಹಗುರವಾದ ಆಹಾರ ಈ ದಿನಗಳಿಗೆ ಒಳ್ಳೆಯದು. ನಿದ್ರೆ ಬರಲಿಲ್ಲವೆಂದು ಹಗಲೆಲ್ಲ ಚಹಾ, ಕಾಫಿ ಕುಡಿದರೆ ಮರುರಾತ್ರಿಯೂ ನಿದ್ರೆ ಕೆಡುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಸ್ನಾಯುಗಳ ಬಿಗಿತ ಸಡಿಲವಾಗುತ್ತದೆ, ರಾತ್ರಿಯ ನಿದ್ರೆಗೂ ಸಹಾಯವಾಗುತ್ತದೆ. ಮನಸ್ಸು ಮಂಕಾಗಿದೆಯೆಂದು ತಂಬಾಕು, ಮದ್ಯ, ಯಾರೋ ಕೊಟ್ಟ ನಿದ್ರೆ ಮಾತ್ರೆಗಳ ಕಡೆ ಕೈ ಚಾಚಲೇಬಾರದು.

ಉಸಿರಿನ ಸಹಾಯ ಪಡೆಯಬೇಕು. ಎದೆ ಬಡಿದುಕೊಳ್ಳುವಾಗ ನೆಟ್ಟಗೆ ಕುಳಿತು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಐದು ನಿಮಿಷ ಹೀಗೆ ಮಾಡಬೇಕು. ಉಸಿರನ್ನು ದೀರ್ಘವಾಗಿ ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ನಿಧಾನಗೊಳ್ಳುತ್ತದೆ. ಕಂಡ ದೃಶ್ಯವು ಒಮ್ಮೆಲೇ ಕಣ್ಣಮುಂದೆ ಬಂದು ನಿಂತರೆ ಇನ್ನೊಂದು ಉಪಾಯವಿದೆ. ಸುತ್ತಲಿರುವ ಐದು ವಸ್ತುಗಳನ್ನು ನೋಡಿ ಮನಸ್ಸಿನಲ್ಲಿಯೇ ಹೆಸರಿಸುವುದು, ನಾಲ್ಕನ್ನು ಮುಟ್ಟುವುದು, ಮೂರು ಸದ್ದುಗಳನ್ನು ಕೇಳುವುದು, ಎರಡು ವಾಸನೆಗಳನ್ನು ಗುರುತಿಸುವುದು, ಒಂದು ರುಚಿಯನ್ನು ಗಮನಿಸುವುದು. ನಾನಿರುವುದು ಇಲ್ಲಿ, ಈ ಕ್ಷಣದಲ್ಲಿ ನನಗೆ ಅಪಾಯವಿಲ್ಲ ಎಂಬ ಅರಿವನ್ನು ಇಂದ್ರಿಯಗಳು ಮನಸ್ಸಿಗೆ ತಂದುಕೊಡುತ್ತವೆ. ಇಷ್ಟಲಿಂಗ ಪೂಜೆ, ಧ್ಯಾನ, ಸಾಮೂಹಿಕ ಪ್ರಾರ್ಥನೆಗಳ ರೂಢಿಯಿರುವವರು ಇಂಥ ದಿನಗಳಲ್ಲಿ ಅದನ್ನು ತಪ್ಪಿಸದಿರುವುದು ಲೇಸು. ದಿನವೂ ಒಂದೇ ಹೊತ್ತಿಗೆ ನಡೆಯುವ ನಿಯಮವೊಂದು ಕದಡಿದ ಮನಸ್ಸಿಗೆ ಊರುಗೋಲಾಗುತ್ತದೆ.

ಓದನ್ನು ಪೂರ್ತಿ ಬಿಡಬಾರದು, ಪೂರ್ತಿ ಹೇರಿಕೊಳ್ಳಲೂಬಾರದು. ಎರಡು ಗಂಟೆ ಒಂದೇ ಸಮನೆ ಕುಳಿತುಕೊಳ್ಳಲು ಆಗದಿದ್ದರೆ ಇಪ್ಪತ್ತು ನಿಮಿಷ ಓದಿ ಐದು ನಿಮಿಷ ವಿರಮಿಸಬಹುದು. ಹೊಸ ಪಾಠ ತಲೆಗೆ ಹತ್ತದಿದ್ದರೆ ಹಳೆಯ ಪಾಠವನ್ನು ಬರೆದು ಅಭ್ಯಾಸ ಮಾಡಬಹುದು. ಕೈ ಬರೆಯುತ್ತಿದ್ದರೆ ಮನಸ್ಸು ಅಷ್ಟಾಗಿ ಅಲೆಯುವುದಿಲ್ಲ. ಕಿರುಪರೀಕ್ಷೆಯೊಂದರಲ್ಲಿ ಅಂಕ ಕಡಿಮೆ ಬಂದರೆ ಅಧ್ಯಾಪಕರಿಗೆ ಕಾರಣವನ್ನು ಸಂಕೋಚವಿಲ್ಲದೆ ತಿಳಿಸಬೇಕು.

ಕೈಲಾದ ಕೆಲಸವೊಂದನ್ನು ಮಾಡಬೇಕು. ಅಸಹಾಯಕತೆಯು ಸಂಕಟವನ್ನು ಹೆಚ್ಚಿಸುತ್ತದೆ, ಚಿಕ್ಕದಾದರೂ ಉಪಯುಕ್ತವಾದ ಕೆಲಸ ಅದನ್ನು ತಗ್ಗಿಸುತ್ತದೆ. 18 ವರ್ಷ ತುಂಬಿದ ಆರೋಗ್ಯವಂತರು ರಕ್ತದಾನ ಮಾಡಬಹುದು. ಕಿರಿಯರು ದಾಸೋಹದ ಮನೆಯಲ್ಲಿ ಬಡಿಸಬಹುದು, ಅಸ್ವಸ್ಥನಾದ ಗೆಳೆಯನಿಗೆ ತರಗತಿಯ ಟಿಪ್ಪಣಿಗಳನ್ನು ಬರೆದುಕೊಡಬಹುದು. ದೂರದ ದುಃಖಕ್ಕೆ ಕರಗಿದ ಮನಸ್ಸು ಹತ್ತಿರದ ಒಬ್ಬರಿಗೆ ಒದಗಿದಾಗ ಆ ಕರುಣೆಗೆ ದಾರಿ ಸಿಕ್ಕಂತಾಗುತ್ತದೆ.

ಜೊತೆಗಾರರು ನೆರವಾಗುವ ಬಗೆ

ವಿದ್ಯಾರ್ಥಿಯ ಸಂಕಟವು ಮೊದಲು ಗೊತ್ತಾಗುವುದು ಕೋಣೆಯ ಜೊತೆಗಾರರಿಗೆ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಇತರ ಸಂಸ್ಥೆಗಳೊಡನೆ ಸೇರಿ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಕುರಿತ ಕೈಪಿಡಿಯೊಂದನ್ನು ಹೊರತಂದಿತು. ಆಪತ್ತಿಗೆ ಸಿಲುಕಿದವರಿಗೆ ನೆರವಾಗುವವರಿಗೆಂದು ಬರೆದ ಅದರ ಸಾರವು ಮೂರು ಮಾತುಗಳಲ್ಲಿದೆ: ನೋಡು, ಆಲಿಸು, ಜೋಡಿಸು. ಇದನ್ನು ಮಾಡಲು ವೈದ್ಯನೇ ಆಗಿರಬೇಕಿಲ್ಲ.

ನೋಡುವುದೆಂದರೆ, ಯಾರು ಊಟ ಬಿಟ್ಟಿದ್ದಾರೆ, ಯಾರು ಒಂಟಿಯಾಗಿ ಉಳಿಯುತ್ತಿದ್ದಾರೆ, ಯಾರ ಕೋಣೆಯ ದೀಪ ರಾತ್ರಿಯೆಲ್ಲ ಆರುವುದಿಲ್ಲ ಎಂಬುದನ್ನು ಗಮನಿಸುವುದು. ಆಲಿಸುವುದೆಂದರೆ, ಪಕ್ಕದಲ್ಲಿ ಕುಳಿತು ಅವರು ಹೇಳಿದಷ್ಟನ್ನು ತಾಳ್ಮೆಯಿಂದ ಕೇಳುವುದು. ಹೇಳಲು ಒತ್ತಾಯಿಸಬಾರದು. ಕಂಡದ್ದನ್ನೆಲ್ಲ ಒಂದೇ ಬಾರಿಗೆ ಹೇಳಿಸಿಬಿಟ್ಟರೆ ಮನಸ್ಸು ಹಗುರವಾಗುತ್ತದೆಂಬ ನಂಬಿಕೆ ಹಿಂದೆ ವೈದ್ಯರಲ್ಲಿಯೂ ಇತ್ತು. ಹಾಗೆ ಬಲವಂತವಾಗಿ ಹೇಳಿಸುವುದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆದೀತು ಎಂಬುದು ಈಗ ತಿಳಿದಿದೆ. 'ಹೇಳಬೇಕೆನಿಸಿದಾಗ ಹೇಳು, ನಾನಿದ್ದೇನೆ' ಎಂದರೆ ಸಾಕು. ಜೋಡಿಸುವುದೆಂದರೆ, ಅವರನ್ನು ಮನೆಯವರೊಡನೆ, ಅಧ್ಯಾಪಕರೊಡನೆ, ಅಗತ್ಯವಿದ್ದರೆ ವೈದ್ಯರೊಡನೆ ಸೇರಿಸುವುದು.

ಆಡಬಾರದ ಮಾತುಗಳೂ ಕೆಲವಿವೆ. 'ಇದಕ್ಕೆಲ್ಲ ಅಳುತ್ತಾರೆಯೇ?', 'ಗಂಡು ಹುಡುಗನಾಗಿ ಹೀಗೇಕೆ?', 'ಎಲ್ಲ ಅವರವರ ಹಣೆಬರಹ, ಬಿಡು' ಎಂಬ ಮಾತುಗಳು ಸಮಾಧಾನದಂತೆ ಕಂಡರೂ ಕೇಳುವವನ ಬಾಯಿ ಮುಚ್ಚಿಸುತ್ತವೆ. ಸತ್ತವರ ತಪ್ಪನ್ನು ಹುಡುಕಿ, 'ಅಲ್ಲಿಗೆ ಅವರೇಕೆ ಹೋಗಬೇಕಿತ್ತು?' ಎಂದು ಕೇಳುವುದು ಇನ್ನೂ ಕ್ರೂರ. ಎದುರಿಗೆ ಕುಳಿತ ಹುಡುಗ ಆ ಸಂದಣಿಯಲ್ಲಿದ್ದ ಯಾರದೋ ಗೆಳೆಯನಾಗಿರಬಹುದು. ತನಗೆ ಆಪ್ತರಾದವರನ್ನೇ ಘಟನೆಯಲ್ಲಿ ಕಳೆದುಕೊಂಡ ವಿದ್ಯಾರ್ಥಿಯ ಸ್ಥಿತಿಯಂತೂ ಬೇರೆಯೇ. ಅವನಿಗೆ ಬೇಕಾದುದು ಸುದ್ದಿಯ ಮಿತಿಯಷ್ಟೇ ಅಲ್ಲ, ಬಂಧುಗಳ ಆಸರೆ, ರಜೆ, ದೀರ್ಘಕಾಲದ ಒತ್ತಾಸೆ.

ತಂದೆತಾಯಿಗಳು, ನಿಲಯಪಾಲಕರು

ಮಗನೋ ಮಗಳೋ ದೂರದ ಊರಿನಲ್ಲಿ ಓದುತ್ತಿದ್ದರೆ, ದೊಡ್ಡ ದುರಂತವೊಂದು ಸುದ್ದಿಯಾದ ದಿನ ತಂದೆತಾಯಿಗಳು ಒಮ್ಮೆ ಕರೆ ಮಾಡಬೇಕು. 'ಓದು ಹೇಗೆ ಸಾಗಿದೆ?' ಎಂಬ ಪ್ರಶ್ನೆಯನ್ನು ಅಂದು ಬದಿಗಿಟ್ಟು, 'ಊಟವಾಯಿತೇ? ಸುದ್ದಿ ನೋಡಿದೆಯಾ? ಮನಸ್ಸಿಗೆ ಹೇಗಿದೆ?' ಎಂದು ಕೇಳಬೇಕು. ತಮ್ಮ ಭಯವನ್ನು ಮಕ್ಕಳ ಮೇಲೆ ಸುರಿಯಬಾರದು. 'ಇನ್ನು ಮೇಲೆ ಎಲ್ಲಿಗೂ ಹೋಗಬೇಡ' ಎಂಬ ಅಪ್ಪಣೆ ಮಗುವಿಗೆ ಜಗತ್ತೆಲ್ಲ ಅಪಾಯವೆಂದೇ ಕಲಿಸುತ್ತದೆ. ಅದರ ಬದಲು, ಜನಸಂದಣಿಯಲ್ಲಿ ಹೇಗಿರಬೇಕು, ನೂಕುನುಗ್ಗಲಿನ ಸುಳಿವು ಕಂಡೊಡನೆ ಬದಿಗೆ ಸರಿಯುವುದು ಹೇಗೆ ಎಂಬಂಥ ವಿವೇಕದ ಮಾತನ್ನು ಹೇಳಿಕೊಡುವುದು ಒಳ್ಳೆಯದು. ಸಣ್ಣ ಮಕ್ಕಳಿರುವ ಮನೆಯಲ್ಲಿ ದೂರದರ್ಶನವನ್ನು ದಿನವಿಡೀ ಸುದ್ದಿಗೇ ಬಿಟ್ಟಿರಬಾರದು. ಅದೇ ದೃಶ್ಯ ಮರಳಿ ಮರಳಿ ಬಂದಾಗ ಅದು ಪ್ರತಿ ಸಲವೂ ಹೊಸದಾಗಿ ನಡೆಯುತ್ತಿದೆಯೆಂದು ಎಳೆಯ ಮಕ್ಕಳು ಭಾವಿಸುವುದುಂಟು.

ವಸತಿ ನಿಲಯಗಳಲ್ಲಿಯೂ ಕೆಲವು ಕ್ರಮಗಳು ಸುಲಭಸಾಧ್ಯ. ಸಂಜೆಯ ಪ್ರಾರ್ಥನೆಯ ಬಳಿಕ ಹತ್ತು ನಿಮಿಷ ಮೃತರಿಗಾಗಿ ಮೌನ ಆಚರಿಸಿ, ನಡೆದ ಘಟನೆಯನ್ನು ನಿಜವಾದಷ್ಟೇ ಮಾತಿನಲ್ಲಿ ತಿಳಿಸಿ, ಗಾಳಿಸುದ್ದಿಗಳನ್ನು ಅಲ್ಲಗಳೆಯಬಹುದು. ಮಕ್ಕಳಿಗೆ ಪ್ರಶ್ನೆ ಕೇಳಲು ಅವಕಾಶವಿರಬೇಕು. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳುವುದೇ ಪ್ರಾಮಾಣಿಕತೆ. ಭೋಜನಶಾಲೆಯ ದೂರದರ್ಶನವನ್ನು ಊಟದ ಹೊತ್ತಿನಲ್ಲಿ ಆರಿಸಿಡುವುದು ಒಂದು ಪುಟ್ಟ ಕ್ರಮ, ಅದರಿಂದ ಆಗುವ ಉಪಕಾರ ದೊಡ್ಡದು.

ವೈದ್ಯರ ನೆರವು ಯಾವಾಗ ಬೇಕು?

ಮೊದಲ ವಾರಗಳ ಸಂಕಟವು ಸಹಜವೆಂದು ಹೇಳಿದೆವು. ಆದರೆ ನಿದ್ರೆ ಬಾರದಿರುವುದು, ದುಃಸ್ವಪ್ನಗಳು, ದೃಶ್ಯ ಮರುಕಳಿಸುವುದು, ಜನರಿಂದ ದೂರವಾಗುವುದು ಮುಂತಾದವು ನಾಲ್ಕು ವಾರಗಳಾದರೂ ಇಳಿಯದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ನಾಲ್ಕು ವಾರಗಳೂ ಕಾಯಬಾರದ ಸಂದರ್ಭಗಳುಂಟು. ಊಟ ನಿದ್ರೆ ಪೂರ್ತಿಯಾಗಿ ತಪ್ಪಿದ್ದರೆ, ತರಗತಿಗೆ ಹೋಗುವುದೇ ನಿಂತಿದ್ದರೆ, ಮದ್ಯ ಮೊದಲಾದವುಗಳ ಬಳಕೆ ಶುರುವಾಗಿದ್ದರೆ, ಬದುಕಿ ಪ್ರಯೋಜನವಿಲ್ಲವೆಂಬ ಮಾತು ಬಾಯಲ್ಲಿ ಬಂದರೆ ಅಂದೇ ನೆರವು ಪಡೆಯಬೇಕು.

ಸುದ್ದಿಯು ಆತ್ಮಹತ್ಯೆಗೆ ಸಂಬಂಧಿಸಿದ್ದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಂಥ ಸುದ್ದಿಗಳ ವಿವರಗಳನ್ನು ಹರಡುವುದು, ಚರ್ಚಿಸುವುದು ಮೊದಲೇ ನೊಂದಿರುವವರಿಗೆ ಅಪಾಯಕರ. ಗೆಳೆಯನ ಬಗ್ಗೆ ಆತಂಕವಿದ್ದರೆ, 'ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಬಹುದು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ, ಹೇಳಿಕೊಳ್ಳಲು ದಾರಿ ತೆರೆದಂತಾಗುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಹಿರಿಯರಿಗೆ ತಿಳಿಸಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರೂ ಜೀವದ ಮುಂದೆ ಆ ಮಾತು ದೊಡ್ಡದಲ್ಲ.

ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಆರಂಭಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 18 ವರ್ಷದೊಳಗಿನವರು ಆಪತ್ತಿನಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಚಿಕಿತ್ಸೆ ದೊರೆಯುತ್ತದೆ. 1996ರಲ್ಲಿ ದೇಶಕ್ಕೆ ಬಂದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾಚದ ನಾವು ಮನಸ್ಸಿನ ಜ್ವರಕ್ಕೂ ನಾಚಬೇಕಾಗಿಲ್ಲ. ಪೂಜೆ, ಪ್ರಾರ್ಥನೆ, ಹಿರಿಯರ ಆಶೀರ್ವಾದಗಳು ಮನಸ್ಸಿಗೆ ಬಲ ಕೊಡುತ್ತವೆ, ಚಿಕಿತ್ಸೆ ಬೇಕಾದಲ್ಲಿ ಅವು ಚಿಕಿತ್ಸೆಯ ಜೊತೆಗಿರಬೇಕೇ ಹೊರತು ಅದರ ಬದಲಾಗಿ ಅಲ್ಲ.

ಕೊನೆಯದಾಗಿ ನಮ್ಮ ಕಲ್ಪನೆಯ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ಐದನೆಯ ರಾತ್ರಿ ಕೋಣೆಯ ಗೆಳತಿ ಅವಳ ಪಕ್ಕದಲ್ಲಿ ಬಂದು ಕುಳಿತು, 'ನೀನು ಎರಡು ದಿನದಿಂದ ಊಟ ಮಾಡಿಲ್ಲ, ನಾನೂ ಜೊತೆಗೆ ಬರುತ್ತೇನೆ, ಬಾ' ಎನ್ನುತ್ತಾಳೆ ಎಂದುಕೊಳ್ಳೋಣ. ಇಬ್ಬರೂ ಭೋಜನಶಾಲೆಗೆ ಹೋಗುತ್ತಾರೆ. ಇವಳು ಅರ್ಧ ಊಟ ಮಾಡುತ್ತಾಳೆ, ಸ್ವಲ್ಪ ಅಳುತ್ತಾಳೆ, ಮಲಗುವ ಮುನ್ನ ದೂರವಾಣಿಯನ್ನು ಗೆಳತಿಯ ಕೈಗೆ ಕೊಡುತ್ತಾಳೆ. ಅಹಮದಾಬಾದಿನ ದುಃಖ ಅದರಿಂದ ಅಳಿಯಲಿಲ್ಲ. ಆದರೆ ನಾಳೆ ವೈದ್ಯಳಾಗಿ ಅಂಥ ದುಃಖದ ಮುಂದೆ ನಿಂತು ಕೈಗೆ ಕೈ ಕೊಡಬೇಕಾದವಳು ಇಂದು ಉಂಡು ಮಲಗಿದಳು. ಮನಸ್ಸನ್ನು ಕಾಪಾಡಿಕೊಳ್ಳುವುದೆಂದರೆ ಕರುಣೆಯನ್ನು ಕಡಿಮೆ ಮಾಡಿಕೊಳ್ಳುವುದಲ್ಲ, ಅದು ಮುಂದೆ ಬೇಕಾಗುವ ದಿನಕ್ಕೆ ಉಳಿಸಿಕೊಳ್ಳುವುದು. ಇಂದು ಸಂಜೆ ನಿಮ್ಮ ಮನೆಯ ಅಥವಾ ನಿಲಯದ ಮಕ್ಕಳಲ್ಲಿ ಯಾರು ಊಟಕ್ಕೆ ಬಂದಿಲ್ಲ ಎಂಬುದನ್ನು ಒಮ್ಮೆ ಗಮನಿಸಿರಿ.